ಮುಪ್ಪಿನಲ್ಲಿ ಆಟವು ತಕ್ಕದ್ದೋ?

ಕಳೆದ ಮಳೆಗಾಲದಲ್ಲಿ ನಾನು ನಮ್ಮ ಸಭೆಯ ಒಂದು ಮನೆಗೆ ಹೋಗಿದ್ದಾಗ, ಎಪ್ಪತ್ತೈದು ವರುಷ ದಾಟಿದ ಒಬ್ಬ ಹಿರಿಯರು ನನ್ನ ಹೆಜ್ಜೆಯ ಸಪ್ಪಳವನ್ನು ಕೇಳಿದ ಕೂಡಲೇ ತಮ್ಮ ಮುಂದಿದ್ದ ಹುಲಿಕುರಿಯಾಟದ ಹಲಗೆಯ ಮೇಲೆ ಹೆಗಲಿನ ಬೈರಾಸನ್ನು ಎಳೆದು ಹಾಕಿದರು. ಎದುರಿಗೆ ಕುಳಿತಿದ್ದ ಮೊಮ್ಮಗನು ನಕ್ಕನು. ಹಿರಿಯರು ನಾಚಿಕೊಂಡು, "ಹುಡುಗನು ಬಹಳ ಪೀಡಿಸಿದ್ದರಿಂದ ಸ್ವಲ್ಪ ಹೊತ್ತು ಕುಳಿತೆನು, ಉಪದೇಶಿಗಳೇ" ಅಂದರು. ಹುಡುಗನು ಸುಮ್ಮನಿರದೆ, "ಇಲ್ಲ, ಅಜ್ಜನೇ ನನ್ನನ್ನು ಕರೆದದ್ದು" ಅಂದನು.

ನಾವು ಮೂವರೂ ನಕ್ಕು ಆ ಮಾತನ್ನು ಅಲ್ಲಿಯೇ ಬಿಟ್ಟೆವು. ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಕಳ್ಳಿನ ಕುಡಿಕೆಯನ್ನು ಮುಚ್ಚುವ ಹಾಗೆ ಒಬ್ಬ ಸಭ್ಯ ಮನುಷ್ಯನು ಆಟದ ಹಲಗೆಯನ್ನು ಯಾಕೆ ಮುಚ್ಚಬೇಕು? ಚಿಕ್ಕವನು ಆಡಿದರೆ ಚೆಂದ, ಮುದುಕನು ಆಡಿದರೆ ನಾಚಿಕೆ ಎಂಬದು ಯಾವ ನ್ಯಾಯ? ಈ ಪ್ರಶ್ನೆಯನ್ನು ನಾನು ಬೇರೆಯವರ ಮೇಲೆ ಹೊರಿಸಿ ಬರೆಯಲಾರೆನು; ಯಾಕಂದರೆ ಹಾಗೆ ಮುಚ್ಚುವಂತೆ ಮಾಡಿದವರಲ್ಲಿ ನಾನೂ ಒಬ್ಬನು.

ದೈವಜ್ಞಾನ ಶಾಲೆಯ ಪಾಠಗಳನ್ನು ಮುಗಿಸಿ ನಾನು ಈ ತುಳುನಾಡಿನ ಹಳ್ಳಿಗೆ ಬಂದು ಹದಿನೆಂಟು ವರುಷಗಳಾದವು. ಬಂದ ಮೊದಲನೆಯ ಆಟಿ ತಿಂಗಳಲ್ಲಿ, ಗದ್ದೆಯ ಕೆಲಸವೆಲ್ಲಾ ತೀರಿ ಎಡೆಬಿಡದೆ ಮಳೆ ಹೊಯ್ಯುವ ಕಾಲದಲ್ಲಿ, ಒಬ್ಬ ವಿಧವೆಯ ಮನೆಗೆ ಹೋದೆನು. ಆಕೆಗೆ ಆಗ ಎಪ್ಪತ್ತರ ಮೇಲೆ ವಯಸ್ಸು. ಎಲ್ಲರೂ ಅಜ್ಜಿಯೆಂದೇ ಕರೆಯುತ್ತಿದ್ದರು. ಆಕೆಯು ಜಗಲಿಯಲ್ಲಿ ಚೆನ್ನೆಮಣೆಯನ್ನು ಇಟ್ಟುಕೊಂಡು, ಬೇರೆ ಮತದ ನೆರೆಮನೆಯ ಹೆಂಗಸಿನೊಂದಿಗೆ ಆಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನನಗೆ ಆಗ ಇಪ್ಪತ್ತೆರಡು ವರುಷ. ಕಲಿತ ಮಾತುಗಳು ಬಾಯಿಯ ತುಂಬ ಇದ್ದವು. ಮರಣಕ್ಕೆ ಸಮೀಪವಾದ ವಯಸ್ಸಿನಲ್ಲಿ ಕಾಲವನ್ನು ಹೀಗೆ ಚೆಲ್ಲುವದು ಸರಿಯಲ್ಲವೆಂದೂ, ಆಟಿಯಲ್ಲಿ ಚೆನ್ನೆಯಾಡುವದು ಹಿಂದಿನ ನಡಾವಳಿಯ ಉಳಿಕೆಯೆಂದೂ, ಆಟದಿಂದ ಜೂಜಿಗೆ ಒಂದೇ ಹೆಜ್ಜೆಯೆಂದೂ ನಾನು ನಿಂತುಕೊಂಡೇ ಬುದ್ಧಿ ಹೇಳಿದೆನು. ಹಿರಿಯರನ್ನು ಗದರಿಸದೆ ತಂದೆತಾಯಿಗಳಂತೆ ಎಣಿಸಬೇಕೆಂದು ಅಪೊಸ್ತಲನು ತಿಮೊಥೆಯನಿಗೆ ಬರೆದದ್ದನ್ನು ನಾನು ಪರೀಕ್ಷೆಯಲ್ಲಿ ಬರೆದವನೇ. ಆ ಜಗಲಿಯಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ. ಅಜ್ಜಿಯು "ಆಗಲಿ" ಎಂಬ ಒಂದೇ ಮಾತು ಹೇಳಿ, ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ, ಮಣೆಯನ್ನು ಅಟ್ಟಕ್ಕೆ ಏರಿಸಿದಳು. ನೆರೆಯವಳು ಕೊಡೆಯನ್ನು ತೆಗೆದುಕೊಂಡು ಮಾತಿಲ್ಲದೆ ಹೊರಟುಹೋದಳು.

ಆ ಮಣೆ ಮತ್ತೆ ಇಳಿಯಲಿಲ್ಲ. ನೆರೆಯವಳ ಬರೋಣವು ಕಡಿಮೆಯಾಯಿತು. ಜಗಳವೇನೂ ಇಲ್ಲ, ಆದರೆ ಬರಲಿಕ್ಕೆ ಒಂದು ನೆವವಿರಲಿಲ್ಲ. ಅಜ್ಜಿಯು ಅಂಗಳವನ್ನು ನೋಡುತ್ತಾ ಕುಳಿತಿರುವದನ್ನು ನಾನು ಅನೇಕ ಸಾರಿ ಕಂಡು, ಒಳ್ಳೇ ಶಾಂತಿಯಲ್ಲಿದ್ದಾಳೆಂದು ಎಣಿಸಿದೆನು. ಕೆಲವು ವರುಷಗಳ ತರುವಾಯ ಆಕೆಯು ಒಂದೇ ಪ್ರಶ್ನೆಯನ್ನು ಮೂರು ಮೂರು ಸಾರಿ ಕೇಳತೊಡಗಿದಳು. ಆಮೇಲೆ ಒಲೆಯ ಮೇಲೆ ಪಾತ್ರೆಯಿಟ್ಟು ಮರೆತಳು. ಆಮೇಲೆ ಹೆಸರುಗಳು ಹೋದವು. ಡಾಕ್ಟರರು ಅದನ್ನು ಡಿಮೆನ್ಶಿಯ, ಅಂದರೆ ಮರೆಗುಳಿ ರೋಗ ಅಂದರು. ಚೆನ್ನೆಮಣೆಯನ್ನು ಅಟ್ಟಕ್ಕೆ ಏರಿಸಿದ್ದರಿಂದಲೇ ಹಾಗಾಯಿತೆಂದು ನಾನು ಹೇಳುವದಿಲ್ಲ; ಅದನ್ನು ಹೇಳಲು ಯಾರಿಂದಲೂ ಆಗದು, ಯಾಕೆ ಆಗದೆಂಬದನ್ನು ಮುಂದೆ ಬರೆಯುವೆನು. ಆದರೆ ನಾನು ಯಾವದನ್ನು ನಿಲ್ಲಿಸಿದೆನೋ ಅದು ಏನೆಂದು ತಿಳಿಯದೆ ನಿಲ್ಲಿಸಿದೆನೆಂಬದು ಸತ್ಯ.

ಆ ದಿನ ನಾನು ಹೇಳಿದ ಮಾತುಗಳನ್ನು ಈಗ ಒಂದೊಂದಾಗಿ ತೂಗಿ ನೋಡುವೆನು. ಜೂಜಿನ ಮಾತು ಸುಲಭವಾದದ್ದು. ಪಗಡೆಯ ಹಾಸಿನ ಮೇಲೆ ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಕಳಕೊಂಡ ಕಥೆಯನ್ನು ಯಕ್ಷಗಾನದ ಬಯಲಾಟಗಳಲ್ಲಿ ರಾತ್ರಿಯಿಡೀ ನೋಡಿದ ಜನರು ನಾವು. ನಮಗೆ ಆ ಭಯವು ಹುಟ್ಟುವದು ಸಹಜ. ಆದರೆ ಅಲ್ಲಿ ಕೆಡಿಸಿದ್ದು ಆಟವಲ್ಲ, ಒಡ್ಡಿದ ಪಣ. ಎಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಮನೆಯ ಅಕ್ಕಿಯನ್ನು ಕಡಿಮೆ ಮಾಡುತ್ತದೋ ಅಲ್ಲಿ ಜೂಜು ಉಂಟು. ಹಣವು ಎಷ್ಟು ಸಣ್ಣದಾದರೂ ನಾನು ಅದಕ್ಕೆ ಒಪ್ಪುವವನಲ್ಲ. ಚೆನ್ನೆಮಣೆಯಲ್ಲಿ ಗೆದ್ದದ್ದು ಕೆಂಪು ಮಂಜೊಟ್ಟಿ ಬೀಜ, ಇಲ್ಲವಾದರೆ ಹುಣಸೆಯ ಬೀಜ; ಆಟ ತೀರಿದ ಮೇಲೆ ಅವೆಲ್ಲಾ ಒಂದೇ ಬಟ್ಟೆಗೆ ಸೇರುತ್ತವೆ.

ಹಿಂದಿನ ನಡಾವಳಿಯೆಂಬ ಮಾತಿನಲ್ಲಿ ಸ್ವಲ್ಪ ನಿಜವಿದ್ದರೂ, ಆಟಿಯ ಚೆನ್ನೆಗೆ ಮುಖ್ಯ ಕಾರಣವು ಮಳೆ. ಹೊರಗೆ ಹೋಗಲಾಗದು, ಗದ್ದೆಯಲ್ಲಿ ನಾಟಿ ಮುಗಿದಿದೆ, ಮನೆಯಲ್ಲಿ ಬೆಳಕು ಮಂಕು. ಆಗ ಮಣೆ ಇಳಿಯುತ್ತದೆ. ಮಳೆಯು ಯಾವ ಮತಕ್ಕೂ ಸೇರಿದ್ದಲ್ಲ.

ಜಗಳದ ಮಾತನ್ನು ನಾನು ಆ ದಿನ ಎತ್ತಲಿಲ್ಲ, ಎತ್ತಿದ್ದರೆ ಅದೇ ಹೆಚ್ಚು ಬಲವಾದ ಆಕ್ಷೇಪಣೆಯಾಗುತ್ತಿತ್ತು. ಸಿರಿಯ ಪಾಡ್ದನದಲ್ಲಿ ಅಬ್ಬಗೆ ದಾರಗೆ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುವಾಗ ಮಾತು ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರಿದಳೆಂದು ಹೇಳುತ್ತಾರೆ. ಆದದರಿಂದ ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಗೆ ಕೂಡಬಾರದೆಂಬ ಎಚ್ಚರಿಕೆಯು ಈ ಸೀಮೆಯಲ್ಲಿ ಇಂದಿಗೂ ಉಂಟು. ಆಟವು ಮನುಷ್ಯನ ಹೃದಯವನ್ನು ಹೊರಗೆ ಹಾಕುತ್ತದೆ. ಆದರೆ ಸುಮ್ಮನೆ ಕುಳಿತವರ ಹೃದಯದಲ್ಲಿ ಏನಿರುತ್ತದೆಂದು ಬಲ್ಲೆವೋ? ಇಬ್ಬರು ಮುದುಕರು ಒಂದು ಕಾಯಿಗಾಗಿ ಸಿಟ್ಟಾಗಿ ಮರುದಿನ ಮತ್ತೆ ಕೂಡುವದನ್ನು ನಾನು ನೋಡಿದ್ದೇನೆ. ಒಂದೇ ಸೂರಿನ ಕೆಳಗೆ ತಿಂಗಳುಗಟ್ಟಲೆ ಮಾತಿಲ್ಲದೆ ಇರುವ ಅಣ್ಣತಮ್ಮಂದಿರನ್ನೂ ನೋಡಿದ್ದೇನೆ, ಅವರು ಯಾವ ಆಟವನ್ನೂ ಆಡಿದವರಲ್ಲ.

ಇನ್ನು ಕಾಲದ ಮಾತು. ಇದೇ ಭಾರವಾದದ್ದು, ಮತ್ತು ಇದರಲ್ಲಿಯೇ ನಾನು ಹೆಚ್ಚು ತಪ್ಪಿದೆನು. ಕಾಲದ ಬೆಲೆಯನ್ನು ತಿಳಿದು ನಡೆಯಬೇಕೆಂದು ಎಫೆಸದ ಸಭೆಗೆ ಬರೆದ ಪತ್ರಿಕೆಯಲ್ಲಿ ಉಂಟು. ಆದರೆ ಅಂಗಳವನ್ನು ನೋಡುತ್ತಾ ಕಳೆದ ಮಧ್ಯಾಹ್ನಕ್ಕೆ ಬೆಲೆಯುಂಟು, ನೆರೆಯವಳೊಂದಿಗೆ ನಗುತ್ತಾ ಕಳೆದ ಮಧ್ಯಾಹ್ನಕ್ಕೆ ಬೆಲೆಯಿಲ್ಲ ಎಂದು ನನಗೆ ಕಲಿಸಿದವರು ಯಾರು? ಜೆಕರ್ಯನ ಪ್ರವಾದನೆಯ 8ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಹಾಳಾದ ಯೆರೂಸಲೇಮು ತಿರಿಗಿ ಕಟ್ಟಲ್ಪಡುವಾಗ ಅದು ಹೇಗಿರುವದೆಂದು ತೋರಿಸಲು ಪ್ರವಾದಿಯು ಅಲ್ಲಿ ಗೋಪುರಗಳನ್ನು ವರ್ಣಿಸುವದಿಲ್ಲ. ಊರುಗೋಲು ಹಿಡಿದ ಮುದುಕ ಮುದುಕಿಯರು ಬೀದಿಗಳಲ್ಲಿ ಕುಳಿತಿರುವರು, ಹುಡುಗ ಹುಡುಗಿಯರು ಅದೇ ಬೀದಿಗಳಲ್ಲಿ ಆಡುತ್ತಿರುವರು ಎಂಬದೇ ಅವನ ಚಿತ್ರ. ಅಲ್ಲಿ ಮುದುಕರು ಕುಳಿತಿದ್ದಾರೆ, ಆಡುವವರು ಮಕ್ಕಳು ಎಂದು ಒಬ್ಬ ಸ್ನೇಹಿತರು ನನ್ನೊಂದಿಗೆ ವಾದಿಸಿದರು. ವಾದವು ಸರಿಯೇ. ಆದರೆ ಇಬ್ಬರನ್ನೂ ಒಂದೇ ಬೀದಿಯಲ್ಲಿ ಇಟ್ಟದ್ದನ್ನು ನಾವು ಬಿಟ್ಟುಬಿಡಬಾರದು. ನಮ್ಮ ಮನೆಗಳಲ್ಲಿ ಮುದುಕರು ಹಿಂದಣ ಕೋಣೆಯಲ್ಲಿಯೂ ಮಕ್ಕಳು ಮೊಬೈಲಿನ ಮುಂದೆಯೂ ಇರುತ್ತಾರೆ.

ಚೆನ್ನೆಯಾಟದಲ್ಲಿ ಏನಿದೆಯೆಂಬದನ್ನು ನಾನು ಕಲಿತದ್ದು ಬಹಳ ತಡವಾಗಿ, ಅದೂ ಕೊಡೆ ಹಿಡಿದು ಹೊರಟುಹೋದ ಆ ನೆರೆಯವಳಿಂದಲೇ. ಮಣೆಯಲ್ಲಿ ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗೆ 4ರಂತೆ 56 ಬೀಜ. ತನ್ನ ಸಾಲಿನ ಒಂದು ಗುಳಿಯ ಬೀಜಗಳನ್ನು ಎತ್ತಿ ಮುಂದಣ ಗುಳಿಗಳಿಗೆ ಒಂದೊಂದಾಗಿ ಬಿತ್ತಬೇಕು. ಕೈ ಬರಿದಾದ ಮೇಲೆ ಮುಂದಿನ ಗುಳಿಯಿಂದ ಎತ್ತಿ ತಿರಿಗಿ ಬಿತ್ತಬೇಕು. ಬರಿಯ ಗುಳಿ ಎದುರಾದರೆ ಅದರ ಆಚೆಯದ್ದು ದಕ್ಕುತ್ತದೆ. ಹೇಳಲಿಕ್ಕೆ ಇಷ್ಟೇ. ಆದರೆ ಯಾವ ಗುಳಿಯಿಂದ ಹೊರಟರೆ ಕಡೆಯ ಬೀಜವು ಎಲ್ಲಿ ಬೀಳುವದು, ಅಲ್ಲಿಂದ ಎತ್ತಿದ್ದು ಎಲ್ಲಿಗೆ ಮುಟ್ಟುವದು, ಅಷ್ಟರಲ್ಲಿ ಎದುರಾಳಿಯ ಯಾವ ಗುಳಿ ತುಂಬುವದು ಎಂಬದನ್ನೆಲ್ಲಾ ಕೈ ಹಾಕುವದಕ್ಕೆ ಮುಂಚೆಯೇ ಮನಸ್ಸಿನಲ್ಲಿ ನಡಿಸಿ ನೋಡಬೇಕು. ನಾನು ಬೀಜಗಣಿತ ಕಲಿತವನು. ಎರಡನೆಯ ಸುತ್ತಿನಲ್ಲಿಯೇ ನನ್ನ ಲೆಕ್ಕ ತಪ್ಪುತ್ತಿತ್ತು. ಶಾಲೆಯ ಬಾಗಲನ್ನು ಕಾಣದ ಆ ಹೆಂಗಸು ಮಾತನಾಡುತ್ತಲೇ ನಾಲ್ಕು ಸುತ್ತಿನ ಲೆಕ್ಕವನ್ನು ಹಿಡಿದಿರುತ್ತಿದ್ದಳು. ಕಣ್ಣಿಗೆ ಪೊರೆ ಬಂದವರಿಗೂ ಈ ಆಟವು ತಪ್ಪುವದಿಲ್ಲ. ಗುಳಿಯಲ್ಲಿ ಎಷ್ಟಿವೆಯೆಂದು ಬೆರಳು ಹೇಳುತ್ತದೆ. ಇನ್ನೊಂದು ವಿಷಯವು ನನಗೆ ಬಹಳ ಹಿಡಿಸಿತು: ಒಂದು ಆಟದಲ್ಲಿ ಸೋತವಳು ಮುಂದಿನ ಆಟವನ್ನು ತನ್ನಲ್ಲಿ ಉಳಿದ ಬೀಜಗಳಿಗೆ ತಕ್ಕಷ್ಟೇ ಗುಳಿಗಳಿಂದ ಆರಂಭಿಸಬೇಕು. ಬಡವನ ಸಂಸಾರದ ಹಾಗೆಯೇ ಸರಿ. ಆದರೂ ಮೂರೇ ಗುಳಿಯಿಂದ ಹೊರಟು ಪೂರ್ತಿ ಸಾಲನ್ನು ತಿರಿಗಿ ಗಳಿಸಿದವರು ಉಂಟು.

ನಮ್ಮ ನಾಡಿನಲ್ಲಿ ಇಂಥ ಆಟಗಳಿಗೆ ಕೊರತೆಯಿಲ್ಲ. ಗಟ್ಟದ ಮೇಲೆ ಚೆನ್ನೆಯನ್ನೇ ಅಳಿಗುಳಿಮಣೆಯೆನ್ನುತ್ತಾರೆ. ಚೌಕಾಬಾರದಲ್ಲಿ ಐದೈದು ಮನೆಗಳ 25 ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಅಲ್ಲಿ ಅದೃಷ್ಟವೂ ಯುಕ್ತಿಯೂ ಕೂಡಿರುವದರಿಂದ ಮೊಮ್ಮಕ್ಕಳು ಅಜ್ಜಿಯನ್ನು ಒಮ್ಮೊಮ್ಮೆ ಸೋಲಿಸಬಹುದು. ಹುಲಿಕುರಿಯಾಟದಲ್ಲಿ 3 ಹುಲಿಗಳಿಗೆ ವಿರೋಧವಾಗಿ 15 ಕುರಿಗಳು. ಅಲ್ಲಿ ಅದೃಷ್ಟಕ್ಕೆ ಸ್ಥಳವಿಲ್ಲ, ಬಲಹೀನರು ಒಟ್ಟಾಗಿ ನಿಂತು ಬಲವಂತನನ್ನು ಕದಲದಂತೆ ಮಾಡುವದೇ ಗೆಲುವು. ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ಹೋದವರೆಲ್ಲಾ ನೋಡಬಹುದು. ಯಾರೋ ಕಾವಲುಗಾರರೋ ಯಾತ್ರಿಕರೋ ಅಲ್ಲಿ ಕುಳಿತು ಹೊತ್ತು ಕಳೆದಿದ್ದಾರೆ. ಅರಸರೂ ಇದನ್ನು ಹಗುರವೆಂದು ಎಣಿಸಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ತೆಗೆದುಕೊಂಡರು. ಆಗ ಅವರಿಗೆ ನಾಲ್ವತ್ತು ವರುಷವೂ ತುಂಬಿರಲಿಲ್ಲ, ಬದುಕಿದ್ದು 1868ರ ವರೆಗೆ. ಅವರು ಚದುರಂಗದ ಕುದುರೆಯ ನಡೆಯನ್ನು ಕುರಿತು ಬಂಧಗಳನ್ನು ಕಟ್ಟಿದರು, ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದರು, ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಕೊಟ್ಟರು. ಆಳುವ ಕೆಲಸವು ಕೈಬಿಟ್ಟ ಮೇಲೆಯೂ ಬುದ್ಧಿಯು ಕೆಲಸವನ್ನು ಬೇಡುತ್ತದೆ. ಹೊಲವನ್ನು ಮಗನ ಹೆಸರಿಗೆ ಬರೆದುಕೊಟ್ಟು ಜಗಲಿಗೆ ಬಂದು ಕುಳಿತ ಯಜಮಾನನಿಗೂ ಅದೇ ಅವಸ್ಥೆ, ಅರಮನೆಯೊಂದು ಇಲ್ಲ, ಅಷ್ಟೇ ಭೇದ.

ವೈದ್ಯರು ಇದನ್ನು ಕುರಿತು ಏನು ಕಂಡಿದ್ದಾರೆಂಬದನ್ನು ಈಗ ಹೇಳುವೆನು; ಇದರಲ್ಲಿ ಹೆಚ್ಚು ಹೇಳಿ ಮೋಸಮಾಡುವವರು ಬಹಳ ಮಂದಿ ಇರುವದರಿಂದ ಸ್ವಲ್ಪ ನಿಧಾನವಾಗಿ ಓದಿರಿ. ನಮ್ಮ ಹಿಂದೂದೇಶದಲ್ಲಿ 60 ವರುಷ ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಮರೆಗುಳಿ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೋಧನೆಯು ಲೆಕ್ಕ ಹಾಕಿತು. ಅಮೇರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ 75 ವರುಷ ದಾಟಿದ, ಬುದ್ಧಿ ನೆಟ್ಟಗಿದ್ದ 469 ಮಂದಿಯನ್ನು ವೈದ್ಯರು ಅನೇಕ ವರುಷ ಹಿಂಬಾಲಿಸಿ ನೋಡಿ 2003ರಲ್ಲಿ ಬರೆದದ್ದೇನಂದರೆ, ಓದುವವರು, ವಾದ್ಯ ನುಡಿಸುವವರು, ಹಲಗೆಯ ಆಟಗಳನ್ನು ಆಡುವವರು, ಕುಣಿಯುವವರು ಇವರಲ್ಲಿ ಆ ರೋಗವು ಕಡಿಮೆ ಕಂಡಿತು ಎಂಬದೇ. ಕೇಳಲಿಕ್ಕೆ ಸಂತೋಷ. ಆದರೆ ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದ ಸೀಮೆಯಲ್ಲಿ 3675 ಮಂದಿಯನ್ನು 20 ವರುಷ ಹಿಂಬಾಲಿಸಿದವರು 2013ರಲ್ಲಿ ಇನ್ನೊಂದನ್ನು ಕಂಡರು. ಆಡುವವರಲ್ಲಿ ರೋಗವು ನೂರಕ್ಕೆ 15ರಷ್ಟು ಕಡಿಮೆ, ಇದು ನಿಜ. ಆದರೆ ಮೊದಲಿನಲ್ಲಿಯೇ ಯಾರ ಬುದ್ಧಿ ಚುರುಕಾಗಿತ್ತು, ಯಾರ ಮನಸ್ಸು ಕುಗ್ಗಿತ್ತು ಎಂಬದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಭೇದವನ್ನು ನಿಶ್ಚಯವಾಗಿ ಹೇಳಲಾಗಲಿಲ್ಲ.

ಇದರ ಅರ್ಥವೇನು? ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಮುದುಕಿಯ ಕಥೆ ನಿಮಗೆ ಗೊತ್ತುಂಟು. ಮರೆಗುಳಿ ರೋಗವು ಹೊರಗೆ ಕಾಣುವದಕ್ಕೆ ಅನೇಕ ವರುಷಗಳ ಮುಂಚೆಯೇ ಒಳಗೆ ಹುಟ್ಟುತ್ತದೆ. ಆಡುವದನ್ನು ಬಿಟ್ಟದ್ದರಿಂದ ಬುದ್ಧಿ ಮಂಕಾಯಿತೋ, ಬುದ್ಧಿ ಮಂಕಾಗುತ್ತಾ ಬಂದದ್ದರಿಂದ ಆಟದಲ್ಲಿ ರುಚಿ ಹೋಯಿತೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತದೆ. ಹಾಗೆಯೇ ಅಮೇರಿಕದಲ್ಲಿ 65 ವರುಷ ದಾಟಿದ 2802 ಮಂದಿಗೆ ಜ್ಞಾಪಕಶಕ್ತಿ, ತರ್ಕ, ಚುರುಕು ಇವುಗಳಲ್ಲಿ ಬೇರೆ ಬೇರೆಯಾಗಿ ಅಭ್ಯಾಸ ಕೊಟ್ಟು ನೋಡಿದವರು 2002ರಲ್ಲಿ ಬರೆದ ಪ್ರಕಾರ, ಯಾವದರಲ್ಲಿ ಅಭ್ಯಾಸವಾಯಿತೋ ಅದರಲ್ಲಿಯೇ ಜನರು ಮೇಲಾದರು, ಉಳಿದವುಗಳಲ್ಲಿ ಆಗಲಿಲ್ಲ. ಈಜು ಕಲಿತವನಿಗೆ ಮರ ಹತ್ತಲಿಕ್ಕೆ ಬರುವದಿಲ್ಲವಷ್ಟೇ. ಆದಕಾರಣ ಇಂಥ ಆಟವನ್ನು ಕೊಂಡುಕೊಂಡರೆ ಮರೆವು ಬಾರದೆಂದು ಯಾವನಾದರೂ ನಿಮ್ಮ ಊರಿಗೆ ಬಂದು ಹಣ ಕೇಳಿದರೆ, ಅವನಿಗೆ ನೀರು ಮಜ್ಜಿಗೆ ಕೊಟ್ಟು ಕಳುಹಿಸಿಬಿಡಿರಿ.

ಆದರೂ ವೈದ್ಯರು ಒಂದು ಮಾತನ್ನು ಹೆಚ್ಚು ಧೈರ್ಯದಿಂದ ಹೇಳುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ಪಂಡಿತರ ಮಂಡಲಿಯು 2024ರಲ್ಲಿ ಈ ರೋಗಕ್ಕೆ ಎಡೆಕೊಡುವ, ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ರಕ್ತದ ಒತ್ತಡ, ಸಕ್ಕರೆಯ ರೋಗ, ಹೊಗೆಸೊಪ್ಪು ಸೇದುವದು, ಮಿತಿಮೀರಿದ ಕುಡಿತ, ಬಾಲ್ಯದಲ್ಲಿ ವಿದ್ಯೆಯಿಲ್ಲದಿರುವದು ಇವುಗಳ ಜೊತೆಯಲ್ಲಿ ಕಿವಿ ಮಂದವಾಗುವದು, ಕಣ್ಣು ಮಂಜಾಗುವದು, ಮನುಷ್ಯ ಸಹವಾಸವಿಲ್ಲದೆ ಒಂಟಿಯಾಗಿರುವದು ಇವೂ ಅದರಲ್ಲಿ ಸೇರಿವೆ. ವಿದ್ಯೆಯಿಲ್ಲದ ಮುದುಕಿಗೆ ಈಗ ಹಿಂದಕ್ಕೆ ಹೋಗಿ ಶಾಲೆಯನ್ನು ಕೊಡಲಾರೆವು. ಒಂಟಿತನವನ್ನು ಮಾತ್ರ ಸಾಯಂಕಾಲದೊಳಗೆ ಕಡಿಮೆ ಮಾಡಬಹುದು. ಚೆನ್ನೆಮಣೆಗೆ ಅಕ್ಷರಜ್ಞಾನ ಬೇಡ, ಆದರೆ ಇಬ್ಬರು ಬೇಕು.

ಇಷ್ಟು ಹೇಳಿದ ಮೇಲೆ, ಆಟವು ಔಷಧವಾದ್ದರಿಂದ ಮುದುಕರು ಆಡಬಹುದೆಂದು ಬರೆದು ನಾನು ಲೇಖನಿಯನ್ನು ಇಟ್ಟುಬಿಡಬಹುದಾಗಿತ್ತು. ನಮ್ಮ ಜನರಿಗೆ ಅದು ಮೆಚ್ಚಿಕೆಯಾಗುತ್ತಿತ್ತು. ಮಗನು ತಾಯಿಗೆ, "ಡಾಕ್ಟರರು ಹೇಳಿದ್ದಾರೆ, ಆಡಮ್ಮಾ" ಅನ್ನುವನು. ಆಟಕ್ಕೆ ಒಂದು ಅಪ್ಪಣೆಚೀಟಿ ಸಿಕ್ಕಿತು. ಆದರೆ ಯೋಚಿಸಿ ನೋಡಿರಿ: ನಾಳೆ ಬೇರೆ ಪರಿಶೋಧಕರು ಆಟದಿಂದ ಯಾವ ಪ್ರಯೋಜನವೂ ಇಲ್ಲವೆಂದು ಬರೆದರೆ ಮಣೆಯನ್ನು ತಿರಿಗಿ ಅಟ್ಟಕ್ಕೆ ಏರಿಸೋಣವೋ? ಪ್ರಯೋಜನವಿದ್ದರೆ ಮಾತ್ರ ಆಡಬೇಕೆಂಬವನೂ, ಪ್ರಯೋಜನವಿಲ್ಲದ್ದರಿಂದ ಆಡಬಾರದೆಂದು ಆ ದಿನ ಜಗಲಿಯಲ್ಲಿ ನಿಂತ ನಾನೂ ಒಂದೇ ತಕ್ಕಡಿಯನ್ನು ಹಿಡಿದವರು. ಮುದುಕರ ಗಳಿಗೆಗಳೆಲ್ಲಾ ಏನಾದರೂ ಸಂಪಾದಿಸಿ ಕೊಡಬೇಕು, ಹಣವಲ್ಲದಿದ್ದರೆ ಪುಣ್ಯ, ಪುಣ್ಯವಲ್ಲದಿದ್ದರೆ ಆರೋಗ್ಯ! ಮಗುವು ಆಡುವಾಗ ನಾವು ಇಂಥ ಲೆಕ್ಕವನ್ನು ಕೇಳುವದಿಲ್ಲ.

ನನಗೆ ಕಾಣುವ ಸಂಗತಿ ಬೇರೆ. ಮುಪ್ಪು ಬಂದ ಮನೆಯಲ್ಲಿ ಏನಾಗುತ್ತದೆಂದು ಗಮನಿಸಿದ್ದೀರೋ? ಮೊದಲು ಲೆಕ್ಕದ ಪುಸ್ತಕವು ಕೈಬಿಡುತ್ತದೆ, ಆಮೇಲೆ ಬೀಗದ ಕೈ, ಆಮೇಲೆ ಮಾತು. ಎಲ್ಲರೂ ಕುಳಿತು ಮಾತಾಡುವಾಗ ಅಜ್ಜನು ಬಾಯಿ ತೆರೆದರೆ ಯಾರೂ ತಡೆಯುವದಿಲ್ಲ, ಆದರೆ ಯಾರೂ ಕಾಯುವದೂ ಇಲ್ಲ. ಅನ್ನ ಕೊಡುತ್ತಾರೆ, ಮಾತ್ರೆ ಕೊಡುತ್ತಾರೆ, ಬಟ್ಟೆ ಒಗೆದು ಕೊಡುತ್ತಾರೆ. ಅವನಿಂದ ಬರತಕ್ಕದ್ದು ಏನೂ ಇಲ್ಲ. ಆಟದ ಹಲಗೆಯ ಮುಂದೆ ಮಾತ್ರ ಹಾಗಲ್ಲ. ಅಲ್ಲಿ ಅವನ ಸರದಿ ಬರುತ್ತದೆ. ಅವನು ಕೈಯನ್ನು ಮೇಲಕ್ಕೆತ್ತಿ ಯೋಚಿಸುವಾಗ ಎದುರಿಗಿದ್ದವನು, ಹತ್ತು ವರುಷದ ಹುಡುಗನಾದರೂ ನಾಲ್ವತ್ತು ವರುಷದ ಮಗನಾದರೂ, ಕಾಯಲೇ ಬೇಕು. ಅವನು ಏನು ಮಾಡುವನೋ ಎಂದು ಇನ್ನೊಬ್ಬನು ಚಿಂತೆಯಿಂದ ನೋಡುತ್ತಾನೆ. ಇಡೀ ದಿನದಲ್ಲಿ ಅವನ ನಿರ್ಣಯಕ್ಕಾಗಿ ಒಬ್ಬರು ಕಾದಿರುವದು ಅಷ್ಟೇ ಹೊತ್ತು. ಉಪಕಾರವನ್ನು ಹೊಂದುವವನಾಗಿ ಅಲ್ಲ, ಎದುರಾಳಿಯಾಗಿ ಅವನು ಕುಳಿತಿದ್ದಾನೆ.

ಆದುದರಿಂದಲೇ ಕರುಣೆಯಿಂದ ಸೋತುಕೊಡುವವರ ಮೇಲೆ ನನಗೆ ಸಿಟ್ಟು. ಮುದುಕರು ಅದನ್ನು ತಿಳಿಯುವದಿಲ್ಲವೆಂದು ಎಣಿಸಬೇಡಿರಿ. ಕೂಡಲೇ ತಿಳಿಯುತ್ತಾರೆ, ಮತ್ತು ಮರುದಿನ ಬೆನ್ನುನೋವೆಂದು ಹೇಳಿ ಬರುವದಿಲ್ಲ. ಬಲಾತ್ಕಾರವೂ ಹಾಗೆಯೇ. ಎಲ್ಲಾ ಮುದುಕರೂ ಆಟವನ್ನು ಇಚ್ಛಿಸುವವರಲ್ಲ. ಕೆಲವರಿಗೆ ಹಗ್ಗ ಹೊಸೆಯುವದೇ ಸುಖ, ಕೆಲವರಿಗೆ ಕಂಗಿನ ಬುಡದಲ್ಲಿ ಓಡಾಡುವದು, ಕೆಲವರಿಗೆ ಒಬ್ಬರೇ ಕುಳಿತು ಪ್ರಾರ್ಥಿಸುವದು. ಗಂಟೆ ಹೊಡೆದು ಎಲ್ಲರನ್ನೂ ಸಾಲಾಗಿ ಕೂರಿಸಿ ಆಡಿಸಿದರೆ ಅದು ಆಟವಾಗಿ ಉಳಿಯದು, ಮುಪ್ಪಿನ ಶಾಲೆಯಾಗುವದು.

ಇನ್ನೊಂದು ಮಾತನ್ನು ನಮ್ಮ ಗಂಡಸರು ಕೇಳಬೇಕು. ಈ ಸೀಮೆಯಲ್ಲಿ ಸಾಯಂಕಾಲ ಕಟ್ಟೆಯ ಮೇಲೆ ಇಸ್ಪೀಟು ಹಿಡಿದು ಕುಳಿತ ಮುದುಕರನ್ನು ಕಾಣಬಹುದು. ಮುದುಕಿಯರ ಕಟ್ಟೆ ಎಲ್ಲಿದೆ? ಅರವತ್ತೈದು ವರುಷದ ಹೆಂಗಸು ಮಡಿಲಲ್ಲಿ ಬೀಡಿಯ ಎಲೆಯನ್ನು ಇಟ್ಟುಕೊಂಡು ಕತ್ತರಿಸುತ್ತಾ, ಮೊಮ್ಮಗುವನ್ನು ಕಾಯುತ್ತಾ, ಒಲೆಯನ್ನೂ ನೋಡಿಕೊಳ್ಳುವದನ್ನು ನಾವು ದಿನಾಲೂ ಕಾಣುತ್ತೇವೆ. ಆಕೆಗೆ ಆಟವು ಪಾಪವೋ ಪುಣ್ಯವೋ ಎಂಬ ಪ್ರಶ್ನೆಯೇ ಹುಟ್ಟುವದಿಲ್ಲ, ಯಾಕಂದರೆ ಕೈ ಖಾಲಿಯಾಗುವ ಹೊತ್ತು ಇಲ್ಲ. ಮಳೆಗಾಲದ ಆ ಕೆಲವು ಮಧ್ಯಾಹ್ನಗಳು ಮಾತ್ರ ಹಿಂದಿನಿಂದಲೂ ಹೆಂಗಸರಿಗೆ ದಕ್ಕಿದ್ದವು. ನಾನು ಒಬ್ಬಳಿಂದ ಕಸುಕೊಂಡದ್ದು ಅದನ್ನೇ.

ಸಣ್ಣ ಕೆಲಸಗಳು ಕೆಲವು ಉಂಟು. ಮಣಕಾಲು ಮಡಚಲಾರದವರಿಗೆ ಮಣೆಯನ್ನು ಒಂದು ಸ್ಟೂಲಿನ ಮೇಲೆ ಇಟ್ಟು ಎರಡು ಕುರ್ಚಿ ಹಾಕಿರಿ. ಕಿವಿ ಮಂದವಾದವರ ಎದುರಿಗೇ ಕುಳಿತುಕೊಳ್ಳಿರಿ, ಮುಖ ಕಾಣಲಿ. ಬೆರಳು ನಡುಗುವವರಿಗೆ ದೊಡ್ಡ ಬೀಜಗಳನ್ನು ಆರಿಸಿರಿ. ಟೆಲಿವಿಜನ್ ನಿಲ್ಲಿಸಿರಿ; ಅದು ಎಲ್ಲರಿಗೂ ಮಾತಾಡುತ್ತದೆ, ಯಾರ ಮಾತನ್ನೂ ಕೇಳುವದಿಲ್ಲ. ಮೊಬೈಲಿನಲ್ಲಿ ಒಬ್ಬರೇ ಆಡುವ ಆಟಗಳನ್ನು ನಾನು ಬೈಯುವದಿಲ್ಲ, ಆದರೆ ನೆರೆಯವಳು ಕೊಡೆ ಹಿಡಿದು ಬರಲಿಕ್ಕೆ ಅದು ನೆವವಾಗದು. ಉಳಿದದ್ದನ್ನು ಮನೆಯವರು ನನಗಿಂತ ಚೆನ್ನಾಗಿ ಬಲ್ಲರು.

ಅಜ್ಜಿಯು ತೀರಿಹೋಗುವದಕ್ಕೆ ಆರು ತಿಂಗಳು ಮುಂಚೆ ನಾನು ಆಕೆಯ ಮನೆಗೆ ಹೋದೆನು. ಆಗ ಆಕೆಗೆ ನನ್ನ ಗುರುತು ಇರಲಿಲ್ಲ; ಒಮ್ಮೆ ತಮ್ಮನೆಂದಳು, ಒಮ್ಮೆ ಅಂಚೆಯವನೆಂದಳು. ಮಾತು ತೋಚದೆ, ಮೊಮ್ಮಗಳನ್ನು ಕರೆದು ಅಟ್ಟದ ಮೇಲಿನ ಮಣೆಯನ್ನು ಇಳಿಸಲು ಹೇಳಿದೆನು. ಧೂಳು ಒರೆಸಿ ಆಕೆಯ ಮುಂದೆ ಇಟ್ಟೆವು. ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಆಕೆಯ ಕೈ ತಾನಾಗಿಯೇ ಬೀಜಗಳಿಗೆ ಹೋಯಿತು. ಗುಳಿಗೆ ನಾಲ್ಕು ನಾಲ್ಕರಂತೆ ತುಂಬಿದಳು, ಎಣಿಸಿದಂತೆ ಕಾಣಲಿಲ್ಲ, ಆದರೆ ಹದಿನಾಲ್ಕರಲ್ಲಿ ಒಂದೂ ತಪ್ಪಲಿಲ್ಲ. ಆಮೇಲೆ ಒಂದು ಗುಳಿಯಿಂದ ಎತ್ತಿ ಬಿತ್ತುತ್ತಾ ಹೋದಳು. ನಡುವೆ ಎಲ್ಲಿ ನಿಲ್ಲಬೇಕೆಂಬದು ಮರೆತುಹೋಗಿ ಎರಡು ಸುತ್ತು ಬಿತ್ತಿದಳು. ಮೊಮ್ಮಗಳು ತಿದ್ದಲು ಕೈ ಚಾಚಿದಳು, ನಾನು ಬೇಡವೆಂದು ಸನ್ನೆಮಾಡಿದೆನು. ಕಡೆಗೆ ಅಜ್ಜಿಯು ಕೈಯನ್ನು ಹಿಂದಕ್ಕೆ ತೆಗೆದು, ನನ್ನ ಮುಖವನ್ನು ನೋಡಿ ಕಾದಳು. ನಾನು ಸುಮ್ಮನೆ ಕುಳಿತಿದ್ದೆನು. ಆಕೆಗೆ ಸ್ವಲ್ಪ ಕೋಪ ಬಂತು. "ಏನು ನೋಡುತ್ತಾ ಕುಳಿತಿದ್ದೀ? ನಿನ್ನ ಸರದಿಯಲ್ಲವೋ, ಆಡು" ಎಂದು ತುಳುವಿನಲ್ಲಿ ಗದರಿಸಿದಳು.

ನನಗೆ ಆಗ ಆ ಆಟ ಬರುತ್ತಿರಲಿಲ್ಲ. ಯಾವ ಗುಳಿಯಿಂದ ಎತ್ತಬೇಕೆಂದು ಮೊಮ್ಮಗಳನ್ನು ಮೆಲ್ಲಗೆ ಕೇಳಿದೆನು.